ಪಟ್ಟಣಗಳಲ್ಲಿ ಬೀಳುಬಿದ್ದ ಬಯಲುಗಳೂ ಅವುಗಳ ಉದ್ಧಾರವೂ

ಹೊಲವೊಂದು ಎರಡು ಮೂರು ವರ್ಷ ನೇಗಿಲನ್ನು ಕಾಣದೆ ಇದ್ದರೆ ಒಕ್ಕಲಿಗನು ಅದನ್ನು ಬೀಳುಭೂಮಿಯೆಂದು ಕರೆಯುತ್ತಾನೆ. ಅದರ ವಿಷಯವಾಗಿ ಅವನಿಗೆ ಒಂದು ಬಗೆಯ ನಾಚಿಕೆಯೂ ಇರುತ್ತದೆ. ಪಟ್ಟಣಗಳಲ್ಲಿಯೂ ಇಂಥ ಬೀಳುಭೂಮಿಗಳು ಬೇಕಾದಷ್ಟುಂಟು. ರೈಲು ಹಳಿಯ ಮಗ್ಗುಲಲ್ಲಿ ಉಳಿದ ಪಟ್ಟಿ, ಮೇಲುಸೇತುವೆಯ ಅಡಿಯ ಕತ್ತಲೆ, ನೀರು ಬತ್ತಿದ ಕೆರೆಯ ಅಂಗಳ, ಮುಚ್ಚಿಹೋದ ಗಿರಣಿಯ ಹಿತ್ತಿಲು, ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಬರೆದಿದ್ದರೂ ಬೇಲಿಯೊಳಗೆ ಕಾಂಗ್ರೆಸ್ ಗಿಡವನ್ನು ಮಾತ್ರ ಬೆಳೆಯಿಸುತ್ತಿರುವ ಮೂಲೆಯ ನಿವೇಶನ, ಇವೆಲ್ಲವೂ ಆ ಜಾತಿಯವೇ. ಇವು ಯಾರೊಬ್ಬರ ಸ್ವತ್ತೂ ಅಲ್ಲ. ಆದಕಾರಣ ಇವುಗಳಿಗಾಗಿ ನಾಚಿಕೆಪಡುವವರು ಯಾರೂ ಇಲ್ಲ. ಎಲ್ಲರ ಸ್ವತ್ತು ಎಂಬ ಮಾತು ನಮ್ಮ ಬಾಯಲ್ಲಿ ಸುಲಭವಾಗಿ ಬರುತ್ತದಾದರೂ, ಮನೆಯ ಕಸವನ್ನು ಹೊತ್ತು ಹೊರಟವರ ಕಾಲುಗಳು ಅಲ್ಲಿಗೇ ತಿರುಗುವುದನ್ನು ನೋಡಿದರೆ, ಯಾರ ಸ್ವತ್ತೂ ಅಲ್ಲವೆಂಬುದೇ ನಮ್ಮ ಒಳಗಿನ ಎಣಿಕೆಯೆಂದು ತಿಳಿಯಬಹುದು.

ಇಂಥ ನೆಲಗಳನ್ನು ಬೇರೆ ಬೇರೆ ಪಟ್ಟಣಗಳವರು ಯಾವ ರೀತಿಯಲ್ಲಿ ಎತ್ತಿಕೊಂಡರು, ಪ್ರಕೃತಿಯಿಂದ ಏನನ್ನು ಕಲಿತರು, ನೆರೆಹೊರೆಯ ಜನರನ್ನು ಎಷ್ಟರ ಮಟ್ಟಿಗೆ ಕೇಳಿದರು, ಕೊನೆಗೆ ಲಾಭವು ಯಾರಿಗೆ ಸಂದಿತು ಎಂಬುದನ್ನು ಈ ಪಾಠದಲ್ಲಿ ವಿಚಾರಿಸುವೆವು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ವಿಷಯವೇಕೆಂದು ಕೆಲವರು ಕೇಳಬಹುದು. ಗಂಡುಹುಡುಗನಿಗೆ ಬೀದಿಯೇ ಬಯಲು. ಹುಡುಗಿಗಾದರೋ ಹತ್ತು ಹನ್ನೆರಡು ವರ್ಷ ತುಂಬುತ್ತಲೇ ಮನೆಯ ಹೊಸ್ತಿಲಿಗೂ ಶಾಲೆಯ ಗೇಟಿಗೂ ನಡುವೆ ನಿಂತುಕೊಳ್ಳತಕ್ಕ ಸ್ಥಳವೇ ಇಲ್ಲವಾಗುತ್ತದೆ. ಇದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ವಿವರಿಸಬೇಕಾದುದಿಲ್ಲ. ಅದೂ ಅಲ್ಲದೆ, ಈ ಕಾರ್ಯದ ಚರಿತ್ರೆಯಲ್ಲಿ ಮೊದಲ ಪುಟಗಳನ್ನು ಬರೆದವರಲ್ಲಿ ಹೆಂಗಸರು ಅನೇಕರು.

ಅವರಲ್ಲಿ ಆಕ್ಟೇವಿಯಾ ಹಿಲ್ ಎಂಬಾಕೆಯ ಹೆಸರನ್ನು ಮೊದಲು ಹೇಳತಕ್ಕದ್ದು. ಈಕೆ 1838ರಲ್ಲಿ ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಊರಲ್ಲಿ ಹುಟ್ಟಿದಳು. ಈಕೆಯ ತಾಯಿಯ ತಂದೆ ಡಾಕ್ಟರ್ ಸೌತ್‌ವುಡ್ ಸ್ಮಿತ್ ಎಂಬವರು ಪಟ್ಟಣಗಳ ನೈರ್ಮಲ್ಯಕ್ಕಾಗಿ ಹೋರಾಡಿದವರು. ಬಡವರ ಓಣಿಗಳ ಗಾಳಿ ನೀರುಗಳ ಮಾತು ಆ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿದ್ದಿರಬೇಕು. 1865ರಲ್ಲಿ ಜಾನ್ ರಸ್ಕಿನ್ ಎಂಬ ಪ್ರಸಿದ್ಧ ಲೇಖಕನು ಕೊಟ್ಟ ಹಣದಿಂದ ಲಂಡನ್ನಿನ ಮೇರಿಲೆಬೋನ್ ಪ್ರದೇಶದಲ್ಲಿ ಮೂರು ಹೀನಸ್ಥಿತಿಯ ಮನೆಗಳನ್ನು ತೆಗೆದುಕೊಂಡು, ದುರಸ್ತಿಮಾಡಿಸಿ, ಬಡ ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಕೆಲಸವನ್ನು ಆಕೆ ಪ್ರಾರಂಭಿಸಿದಳು. ಬಾಡಿಗೆಯನ್ನು ವಾರ ವಾರವೂ ಮನೆಬಾಗಿಲಿಗೆ ಹೋಗಿ ವಸೂಲುಮಾಡುವುದು ಆಕೆಯ ಪದ್ಧತಿ. ಹೀಗೆ ಹೋಗುತ್ತಿದ್ದಾಗ ಒಂದು ಸಂಗತಿ ಸ್ಪಷ್ಟವಾಯಿತು: ಗೋಡೆಗೆ ಸುಣ್ಣ ಬಳಿದರೂ, ಮಾಡನ್ನು ಸರಿಪಡಿಸಿದರೂ, ಒಂದೇ ಕೋಣೆಯಲ್ಲಿ ಬಾಳುವ ಏಳೆಂಟು ಜನರಿಗೆ ಹೊರಗೆ ಕುಳಿತು ಉಸಿರಾಡಲು ಜಾಗವಿಲ್ಲದಿದ್ದರೆ ಆ ಮನೆಯು ಮನೆಯಾಗಲಾರದು.

ಬಡವರಿಗೆ ಬೇಕಾದ ಬಯಲುಗಳನ್ನು ಆಕೆ ನಾಲ್ಕು ಬಗೆಯಾಗಿ ಎಣಿಸಿದಳು. ಮನೆಯ ಸಮೀಪದಲ್ಲಿಯೇ ಕುಳಿತುಕೊಳ್ಳುವುದಕ್ಕೆ ಒಂದು, ಮಕ್ಕಳ ಆಟಕ್ಕೆ ಒಂದು, ಸಂಜೆಯ ತಿರುಗಾಟಕ್ಕೆ ಒಂದು, ಬಿಡುವಿನ ದಿನವನ್ನು ಪೂರ್ತಿಯಾಗಿ ಕಳೆಯುವುದಕ್ಕೆ ಒಂದು. ಈ ವಿಂಗಡಣೆಯು ಸಾಮಾನ್ಯವಾಗಿ ಕಂಡರೂ ಬಹಳ ಬೆಲೆಯುಳ್ಳದ್ದು. ಊರಾಚೆ ಇನ್ನೂರು ಎಕರೆಯ ದೊಡ್ಡ ತೋಟವನ್ನು ಮಾಡಿ, ಊರಿಗೆಲ್ಲ ಬಯಲನ್ನು ಒದಗಿಸಿದೆವೆಂದು ಹೇಳಿಕೊಳ್ಳುವವರಿಗೆ ಅದರಲ್ಲಿ ಉತ್ತರವಿದೆ. ಕಂಕುಳಲ್ಲಿ ಕೂಸು, ಒಲೆಯ ಮೇಲೆ ಅನ್ನ, ಇವೆರಡೂ ಇರುವ ತಾಯಿಯು ಮೂರು ಮೈಲು ನಡೆದು ತೋಟಕ್ಕೆ ಹೋಗಲಾರಳು. ಅವಳಿಗೆ ಬೇಕಾದದ್ದು ಓಣಿಯ ಕೊನೆಯಲ್ಲಿ ಒಂದು ಮರ, ಮರದ ಬುಡದಲ್ಲಿ ಒಂದು ಕಟ್ಟೆ.

ಆಕೆಯ ಮೊದಲ ಪ್ರಯತ್ನಗಳೆಲ್ಲ ಕೈಗೂಡಲಿಲ್ಲ. 1875ರಲ್ಲಿ ಸ್ವಿಸ್ ಕಾಟೇಜ್ ಎಂಬಲ್ಲಿಯ ಹುಲ್ಲುಗಾವಲುಗಳನ್ನು ಜನರಿಗಾಗಿ ಉಳಿಸಬೇಕೆಂದು ಹಣವನ್ನು ಕೂಡಿಸಿದಳು. ಆದರೆ ಆ ನೆಲವು ಮನೆ ಕಟ್ಟುವವರ ಪಾಲಾಯಿತು. ಈ ಸೋಲಿನ ತರುವಾಯ ಆಕೆಯ ದೃಷ್ಟಿಯು ದೊಡ್ಡ ಗಾವಲುಗಳ ಜೊತೆಗೆ, ಪಟ್ಟಣದೊಳಗೆ ಬಿದ್ದುಕೊಂಡಿದ್ದ ಸಣ್ಣ ಸಣ್ಣ ತುಂಡುಗಳ ಕಡೆಗೂ ತಿರುಗಿತು. ಆ ಕಾಲದ ಲಂಡನ್ನಿನಲ್ಲಿ ಇಂಥ ತುಂಡುಗಳೆಂದರೆ ಮುಖ್ಯವಾಗಿ ಹಳೆಯ ದೇವಾಲಯಗಳ ಸುತ್ತಲಿನ ಸಮಾಧಿ ಅಂಗಳಗಳು. ಶತಮಾನದ ನಡುವಿನಲ್ಲಿಯೇ ಅಲ್ಲಿ ಶವಸಂಸ್ಕಾರವು ನಿಂತುಹೋಗಿ, ಬಾಗಿಲಿಗೆ ಬೀಗ ಬಿದ್ದು, ಮುಳ್ಳುಕಂಟಿ ಬೆಳೆದಿತ್ತು. 1882ರಲ್ಲಿ ಹುಟ್ಟಿದ ಒಂದು ಸಾರ್ವಜನಿಕ ಉದ್ಯಾನ ಸಂಘವು ಇವುಗಳನ್ನು ತೋಟಗಳಾಗಿ ಮಾಡುವ ಕೆಲಸವನ್ನು ಕೈಗೊಂಡಿತು. 1884ರ ಕಾನೂನು ಇಂಥ ಅಂಗಳಗಳ ಮೇಲೆ ಕಟ್ಟಡವೇಳುವುದನ್ನು ತಡೆಯಿತು. ಸತ್ತವರಿಗೆ ಅವಮಾನವಾಗುವುದೆಂಬ ಆಕ್ಷೇಪಣೆ ಬಾರದೆ ಇರಲಿಲ್ಲ. ಆದರೆ ಕಲ್ಲುಗಳನ್ನು ಗೋಡೆಯ ಬದಿಗೆ ಒರಗಿಸಿ, ನಡುವೆ ಪ್ಲೇನ್ ಮರಗಳನ್ನು ನೆಟ್ಟು, ಬೆಂಚುಗಳನ್ನು ಹಾಕಿ ಬಾಗಿಲು ತೆರೆದಾಗ, ತಮ್ಮ ಅಜ್ಜಂದಿರ ಸಮಾಧಿಯ ಮಗ್ಗುಲಲ್ಲಿ ಮೊಮ್ಮಕ್ಕಳು ಆಡುವುದು ಬೀಗ ಹಾಕಿದ ಮುಳ್ಳುಕಂಟಿಗಿಂತ ಗೌರವವಾದದ್ದೆಂದು ಬಹುಜನರಿಗೆ ತೋರಿತು.

ಆ ಸಂಘಕ್ಕೆ ತೋಟಗಳ ನಕ್ಷೆ ಬರೆದುಕೊಟ್ಟಾಕೆ ಫ್ಯಾನಿ ವಿಲ್ಕಿನ್‌ಸನ್. ಬ್ರಿಟನ್ನಿನಲ್ಲಿ ಈ ವಿದ್ಯೆಯನ್ನು ವೃತ್ತಿಯಾಗಿ ನಡೆಯಿಸಿದ ಹೆಂಗಸರಲ್ಲಿ ಈಕೆಯೇ ಮೊದಲಿಗಳೆಂದು ಹೇಳುತ್ತಾರೆ. ಎಪ್ಪತ್ತೈದಕ್ಕೂ ಮಿಕ್ಕ ತೋಟಗಳು ಈಕೆಯ ಕೈಯಿಂದ ಆದವು. ಗಂಡಸರಿಗೆ ಸಲ್ಲುವ ಸಂಭಾವನೆಗಿಂತ ಕಡಮೆಗೆ ತಾನು ದುಡಿಯುವುದಿಲ್ಲವೆಂದು ಈಕೆ ಹಟ ಹಿಡಿದ ಸಂಗತಿಯನ್ನು ನಮ್ಮ ಮೇಲಿನ ತರಗತಿಯ ಹುಡುಗಿಯರು ಬರೆದಿಟ್ಟುಕೊಳ್ಳಲಿ. 1902ರಲ್ಲಿ ಈಕೆ ಸ್ವಾನ್ಲಿಯ ತೋಟಗಾರಿಕೆಯ ಕಾಲೇಜಿಗೆ ಮುಖ್ಯಸ್ಥೆಯಾದಳು.

ಆಕ್ಟೇವಿಯಾ ಹಿಲ್ಲಳ ಸ್ವಂತ ಕೆಲಸಗಳಲ್ಲಿ ನಮಗೆ ಬಹು ಪ್ರಿಯವಾದದ್ದು ಸದರ್ಕ್ ಭಾಗದ ರೆಡ್‌ಕ್ರಾಸ್ ತೋಟ. ಅಲ್ಲಿ ಮೊದಲು ಇದ್ದದ್ದು ಸುಟ್ಟುಹೋದ ಕಾಗದದ ಕಾರ್ಖಾನೆಯ ಅವಶೇಷ. 1887ರಲ್ಲಿ ಅದನ್ನು ಕಡಿದು ಹಸನುಮಾಡಿ, ಬಳುಕುವ ಕಾಲುದಾರಿ, ಒಂದು ಚಿಕ್ಕ ಕೊಳ, ವಾದ್ಯಗಾರರ ಮಂಟಪ, ಮಳೆ ಬಂದರೆ ಮಕ್ಕಳು ಆಡಲು ಮಾಡುಳ್ಳ ಸ್ಥಳ, ಇಷ್ಟನ್ನೂ ಒಂದು ಸಣ್ಣ ಜಾಗದಲ್ಲಿ ಹೊಂದಿಸಿದರು. ಪಕ್ಕದಲ್ಲಿ ಬಾಡಿಗೆಯ ಚಿಕ್ಕ ಮನೆಗಳೂ ಒಂದು ಸಭಾಗೃಹವೂ ಎದ್ದವು. ಸಭಾಗೃಹದ ಗೋಡೆಯ ಮೇಲೆ ವಾಲ್ಟರ್ ಕ್ರೇನ್ ಎಂಬ ಚಿತ್ರಗಾರನು ಅರಸರ ಚಿತ್ರವನ್ನಾಗಲಿ ಸೇನಾಪತಿಗಳ ಚಿತ್ರವನ್ನಾಗಲಿ ಬರೆಯಲಿಲ್ಲ. ಸಾಮಾನ್ಯ ಜನರ ಸಾಹಸಗಳನ್ನು ಬರೆದನು. ಅವರಲ್ಲಿ ಒಬ್ಬಳು, 1885ರಲ್ಲಿ ಅದೇ ಸದರ್ಕಿನಲ್ಲಿ ಹೊತ್ತಿ ಉರಿಯುವ ಮನೆಯಿಂದ ಅಕ್ಕನ ಮಕ್ಕಳನ್ನು ಪಾರುಮಾಡಿ ತಾನು ಮಡಿದ ಆಲಿಸ್ ಏರ್ಸ್ ಎಂಬ ದುಡಿಯುವ ಹುಡುಗಿ. ನೆರೆಯವರ ತೋಟದಲ್ಲಿ ನೆರೆಯವರದೇ ಕಥೆ.

ಈ ತೋಟದ ಮುಂದಿನ ಚರಿತ್ರೆಯನ್ನೂ ಹೇಳದಿದ್ದರೆ ಪಾಠವು ಅರ್ಧವಾಗುವುದು. ಇಪ್ಪತ್ತನೆಯ ಶತಮಾನದಲ್ಲಿ ಆರೈಕೆಯು ತಪ್ಪಿ, ಕೊಳವು ಮುಚ್ಚಿಹೋಗಿ, ದಾರಿಗಳ ಅಂದವು ಅಳಿದು, ಅದು ಪುನಃ ಬರಿಯ ಬಯಲಾಯಿತು. 2005ರ ಸುಮಾರಿಗೆ ಆ ಭಾಗದ ನಿವಾಸಿಗಳ ಒಂದು ಟ್ರಸ್ಟು ಹಳೆಯ ನಕ್ಷೆಯನ್ನು ಹಿಡಿದು ಕೊಳವನ್ನು ತೋಡಿ, ಹೂವಿನ ಪಾತಿಗಳನ್ನು ಕಟ್ಟಿ, ಅದನ್ನು ಎರಡನೆಯ ಸಲ ಬದುಕಿಸಿತು. ತೋಟವೆಂಬುದು ಕಟ್ಟಿ ಮುಗಿಸತಕ್ಕ ವಸ್ತುವಲ್ಲ, ದಿನವೂ ಸಾಕತಕ್ಕ ಪ್ರಾಣಿ; ಹಸುವನ್ನು ಕೊಳ್ಳಲು ಹಣವಿಟ್ಟು ಹುಲ್ಲಿಗೆ ಹಣವಿಡದ ಮನೆಯವರ ಹಾಗೆ ನಮ್ಮ ಪುರಸಭೆಗಳು ನಡೆದುಕೊಳ್ಳುವುದುಂಟು.

ಇನ್ನು ನ್ಯೂಯಾರ್ಕಿಗೆ ಹೋಗೋಣ. ಅಲ್ಲಿಯ ದೊಡ್ಡ ಗ್ರಂಥಾಲಯದ ಹಿಂದೆ ಬ್ರಯಂಟ್ ಪಾರ್ಕ್ ಎಂಬ ಉದ್ಯಾನವಿದೆ. 1934ರಲ್ಲಿ ಅದನ್ನು ಬೀದಿಯ ಮಟ್ಟಕ್ಕಿಂತ ಎತ್ತರಿಸಿ, ಕಬ್ಬಿಣದ ಬೇಲಿಯನ್ನೂ ದಟ್ಟವಾದ ಹಸಿರು ಬೇಲಿಯನ್ನೂ ಸುತ್ತಲೂ ಕಟ್ಟಿ, ಗದ್ದಲದಿಂದ ದೂರವಾದ ಏಕಾಂತವನ್ನು ನಿರ್ಮಿಸಿದ್ದರು. ಉದ್ದೇಶವು ಒಳ್ಳೆಯದೇ. ಆದರೆ 1970ರ ದಶಕದ ಹೊತ್ತಿಗೆ ಆ ಏಕಾಂತವು ಮಾದಕ ಪದಾರ್ಥ ಮಾರುವವರಿಗೆ ಅನುಕೂಲವಾಗಿ, ಮಿಕ್ಕವರು ಅದನ್ನು ಬಳಸಿಕೊಂಡು ದೂರದಿಂದ ನಡೆಯತೊಡಗಿದರು. ಮರವಿತ್ತು, ಹುಲ್ಲಿತ್ತು, ನೆರಳಿತ್ತು, ಜನರಿರಲಿಲ್ಲ. ಹಸಿರು ಇದ್ದಮಾತ್ರಕ್ಕೆ ಬಯಲು ಬದುಕಿತೆಂದು ತಿಳಿಯುವವರು ಈ ದೃಷ್ಟಾಂತವನ್ನು ನೆನಪಿನಲ್ಲಿಡಬೇಕು.

ಆಗ ವಿಲಿಯಂ ವೈಟ್ ಎಂಬ ವಿದ್ವಾಂಸನು ನ್ಯೂಯಾರ್ಕಿನ ಬಯಲುಗಳಲ್ಲಿ ಕ್ಯಾಮರಾಗಳನ್ನಿಟ್ಟು, ಜನರು ಎಲ್ಲಿ ಕುಳಿತುಕೊಳ್ಳುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ, ಎಲ್ಲಿಂದ ಎದ್ದುಹೋಗುತ್ತಾರೆ ಎಂಬುದನ್ನು ವರ್ಷಗಟ್ಟಲೆ ಎಣಿಸುತ್ತಿದ್ದನು. ಅವನ ಗ್ರಂಥವು 1980ರಲ್ಲಿ ಹೊರಬಿತ್ತು. ಅವನು ಕಂಡುಹಿಡಿದ ಮುಖ್ಯ ಸತ್ಯವನ್ನು ಕೇಳಿದರೆ ನಗುಬರುತ್ತದೆ: ಕುಳಿತುಕೊಳ್ಳಲು ಸ್ಥಳವಿದ್ದಲ್ಲಿ ಜನರು ಕುಳಿತುಕೊಳ್ಳುತ್ತಾರೆ! ನಮ್ಮ ಹಳ್ಳಿಯ ಅರಳಿಕಟ್ಟೆಯನ್ನು ಕಟ್ಟಿದವರಿಗೆ ಇದನ್ನು ತಿಳಿಯಲು ಕ್ಯಾಮರಾ ಬೇಕಾಗಿರಲಿಲ್ಲ. ಆದರೆ ಅವನು ಮತ್ತೊಂದು ಮಾತನ್ನೂ ಗುರುತಿಸಿದನು, ಅದರಲ್ಲಿ ನಗತಕ್ಕದ್ದೇನೂ ಇಲ್ಲ. ಯಾವ ಬಯಲಿನಲ್ಲಿ ಹೆಂಗಸರ ಸಂಖ್ಯೆಯು ಸಾಧಾರಣಕ್ಕಿಂತ ಹೆಚ್ಚಾಗಿದೆಯೋ ಆ ಬಯಲು ಚೆನ್ನಾಗಿ ನಡೆಯುತ್ತಿದೆ. ಎಲ್ಲಿ ಹೆಂಗಸರು ಕಡಮೆಯಾದರೋ ಅಲ್ಲಿ ಏನೋ ಕೆಟ್ಟಿದೆ. ಏಕೆಂದರೆ ಹೆಂಗಸರು ಸ್ಥಳವನ್ನು ಆರಿಸುವಾಗ ಹೆಚ್ಚು ಎಚ್ಚರಿಕೆಯಿಂದ ಆರಿಸುತ್ತಾರೆ. ನಮ್ಮ ಅರಳಿಕಟ್ಟೆಯನ್ನು ಈ ಅಳತೆಗೋಲಿನಿಂದ ಅಳೆದರೆ ಏನು ತೋರುವುದೋ ಓದುಗರೇ ಹೇಳಲಿ. ಪೂಜೆಗೆ ಬಂದ ಹೆಂಗಸರು ಪ್ರದಕ್ಷಿಣೆ ಮುಗಿಸಿ ಹೋಗುತ್ತಾರೆ, ಕುಳಿತಿರುವವರು ಗಂಡಸರು.

ವೈಟನು ಬ್ರಯಂಟ್ ಪಾರ್ಕಿಗೆ ಕೊಟ್ಟ ಚಿಕಿತ್ಸೆಯು ಬೇಲಿಯನ್ನು ಬಿಚ್ಚುವುದೇ. 1988ರಲ್ಲಿ ಉದ್ಯಾನವನ್ನು ಮುಚ್ಚಿ, ಕಣ್ಣಿಗೆ ಅಡ್ಡವಾದ ಹಸಿರು ಗೋಡೆಗಳನ್ನು ತೆಗೆದು, ಬಾಗಿಲುಗಳನ್ನು ಅಗಲಿಸಿ, ಲಿಂಡನ್ ಮಿಲ್ಲರ್ ಎಂಬಾಕೆಯ ಯೋಜನೆಯಂತೆ ಹೂಪಾತಿಗಳನ್ನು ಬೆಳೆಯಿಸಿ, 1992ರಲ್ಲಿ ತೆರೆದರು. ನೆಲಕ್ಕೆ ಬಿಗಿಯದ ಹಗುರವಾದ ಕುರ್ಚಿಗಳನ್ನು ಇಟ್ಟರು. ಕಳವಾಗುವುದೆಂದು ಹೆದರಿದವರಿದ್ದರು. ಆದರೆ ಮನುಷ್ಯನು ಕುರ್ಚಿಯನ್ನು ಒಂದು ಅಡಿ ಈಚೆಗೆ ಎಳೆದುಕೊಂಡು ಕುಳಿತನೆಂದರೆ ಆ ಕ್ಷಣಕ್ಕೆ ಆ ಸ್ಥಳವು ಅವನದಾಗುತ್ತದೆ. ಈ ಸಣ್ಣ ಸಂಗತಿಯನ್ನು ನಮ್ಮಲ್ಲಿ ಸಿಮೆಂಟಿನ ಬೆಂಚುಗಳನ್ನು ಬಿಸಿಲಿಗೆ ಮುಖಮಾಡಿ ನೆಡುವವರು ಯೋಚಿಸಿದರೆ ಒಳ್ಳೆಯದು.

ಆಮ್‌ಸ್ಟರ್‌ಡಾಮಿನ ಕಥೆಯನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗುವೆವು. ಯುದ್ಧವು ಮುಗಿದ ಮೇಲೆ, 1947ರಲ್ಲಿ, ಆಲ್ಡೊ ವಾನ್ ಐಕ್ ಎಂಬ ಶಿಲ್ಪಿಯು ಒಂದು ಚೌಕದಲ್ಲಿ ಮರಳುಗುಂಡಿಯನ್ನೂ ಕಂಬಿಗಳನ್ನೂ ಇಟ್ಟು ಮಕ್ಕಳ ಆಟದ ಸ್ಥಳವನ್ನು ಮಾಡಿದನು. ನೋಡಿದ ನೆರೆಯ ಬೀದಿಯವರು ತಮಗೂ ಒಂದು ಬೇಕೆಂದು ಪಟ್ಟಣದ ಕಚೇರಿಗೆ ಕಾಗದ ಬರೆದರು. ಹೀಗೆ ಕಾಗದಗಳು ಬರುತ್ತ ಬರುತ್ತ ಮೂವತ್ತು ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ಆಟದ ಸ್ಥಳಗಳು, ಬಹುಮಟ್ಟಿಗೆ ಪಾಳು ನಿವೇಶನಗಳಲ್ಲಿಯೂ ಬೀದಿಯ ಮೂಲೆಗಳಲ್ಲಿಯೂ, ಹುಟ್ಟಿಕೊಂಡವು. ಅಂಚೆಕಾಗದದಿಂದ ಎಷ್ಟು ಕೆಲಸವಾಗಬಹುದೆಂಬುದಕ್ಕೆ ಇದೊಂದು ಸಾಕ್ಷಿ.

ಪ್ರಕೃತಿಯನ್ನು ಅನುಸರಿಸುವುದು ಎಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತದೆ. ಅದರ ಅರ್ಥವೇನೆಂದು ಸ್ವಲ್ಪ ಬಿಡಿಸಿ ನೋಡಬೇಕು. ದಕ್ಷಿಣ ಕೊರಿಯಾದ ರಾಜಧಾನಿಯಾದ ಸೋಲ್ ಪಟ್ಟಣದಲ್ಲಿ ಚೊಂಗ್‌ಗೆಚೊನ್ ಎಂಬ ತೊರೆಯು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕೊಚ್ಚೆಯಾಗಿ, ಅದರ ಮೇಲೆ ಕಾಂಕ್ರೀಟು ಮುಚ್ಚಲ್ಪಟ್ಟು, ಆ ಮುಚ್ಚಳದ ಮೇಲೆ ವಾಹನಗಳ ಮೇಲುಸೇತುವೆಯೂ ಏರಿತ್ತು. 2003ರಲ್ಲಿ ಆ ಸೇತುವೆಯನ್ನೇ ಕೆಡವಿ, ಮುಚ್ಚಳವನ್ನು ತೆಗೆದು, 2005ರ ಹೊತ್ತಿಗೆ ಸುಮಾರು 5.8 ಕಿಲೋಮೀಟರ್ ಉದ್ದಕ್ಕೆ ನೀರು ಹರಿಯಿಸಿ ದಡದಲ್ಲಿ ಗಿಡಗಳನ್ನು ಬೆಳೆಯಿಸಿದರು. ಬೇಸಗೆಯಲ್ಲಿ ತೊರೆಯ ದಂಡೆಯು ಪಕ್ಕದ ರಸ್ತೆಗಳಿಗಿಂತ ಕೆಲವು ಡಿಗ್ರಿ ತಂಪಾಗಿರುವುದು ಅಳತೆಯಿಂದ ಕಂಡುಬಂದಿದೆ; ಮೀನೂ ಹಕ್ಕಿಯೂ ಮರಳಿ ಬಂದಿವೆ. ಇದು ದೊಡ್ಡ ಸಾಹಸವೇ ಸರಿ. ಆದರೆ ಅಲ್ಲಿ ಹರಿಯುವ ನೀರಿನ ಬಹುಭಾಗವು ಮೇಲಿನ ಬೆಟ್ಟದಿಂದ ತಾನಾಗಿ ಇಳಿದುಬಂದದ್ದಲ್ಲ. ಹಾನ್ ನದಿಯಿಂದ ಯಂತ್ರದ ಮೂಲಕ ಎತ್ತಿ ತಂದದ್ದು. ಯಂತ್ರವು ನಿಂತರೆ ತೊರೆಯೂ ಸೊರಗುವುದು. ಸೇತುವೆಯ ಕೆಳಗೆ ವ್ಯಾಪಾರಮಾಡಿಕೊಂಡಿದ್ದ ಬೀದಿಯ ಮಾರಾಟಗಾರರು ಅಲ್ಲಿಂದ ಎದ್ದುಹೋಗಬೇಕಾಯಿತು. ಪ್ರಕೃತಿಯ ರೂಪವನ್ನು ಅನುಕರಿಸುವುದು ಒಂದು, ಅದರ ನಡೆಯನ್ನು ಅನುಸರಿಸುವುದು ಮತ್ತೊಂದು. ಚೊಂಗ್‌ಗೆಚೊನ್ನನ್ನು ನಾವು ಮೆಚ್ಚುವೆವು. ಆದರೆ ಎರಡನೆಯದಕ್ಕೆ ಅದು ದೃಷ್ಟಾಂತವೆಂದು ಹೇಳಲಾರೆವು.

ನ್ಯೂಯಾರ್ಕಿನ ಹೈಲೈನ್ ಎಂಬ ಎತ್ತರದ ರೈಲುದಾರಿಯು ಈ ವಿಷಯದಲ್ಲಿ ಇನ್ನಷ್ಟು ಸೂಕ್ಷ್ಮವಾದ ಪಾಠವನ್ನು ಕಲಿಸುತ್ತದೆ. 1980ರಲ್ಲಿ ಅಲ್ಲಿ ಕೊನೆಯ ರೈಲು ಓಡಿತು. ಆಮೇಲೆ ಇಪ್ಪತ್ತು ವರ್ಷ ಯಾರೂ ಕಾಲಿಡದ ಆ ಹಳಿಗಳ ನಡುವೆ ಗಾಳಿಯೂ ಹಕ್ಕಿಗಳೂ ತಂದ ಬೀಜಗಳಿಂದ ಹುಲ್ಲು, ಹೂ, ಸಣ್ಣ ಮರಗಳು ತಾವಾಗಿ ಎದ್ದವು. 1999ರಲ್ಲಿ ನೆರೆಯ ಇಬ್ಬರು ತರುಣರು ಅದನ್ನು ಕೆಡವಬಾರದೆಂದು ಸಂಘ ಕಟ್ಟಿದರು. 2009ರಲ್ಲಿ ಮೊದಲ ಭಾಗವು ಉದ್ಯಾನವಾಗಿ ತೆರೆಯಿತು. ಪೀಟ್ ಔಡಾಲ್ಫ್ ಎಂಬ ಡಚ್ಚರ ತೋಟಗಾರನು ಗಿಡಗಳನ್ನು ಆರಿಸುವಾಗ ಆ ಕಾಡುಗಿಡಗಳನ್ನೇ ಗುರುವಾಗಿ ಇಟ್ಟುಕೊಂಡನು: ತೆಳ್ಳಗಿನ ಮಣ್ಣಿನಲ್ಲಿ ಯಾವುದು ನಿಲ್ಲುತ್ತದೆ, ಯಾವುದರ ಜೊತೆ ಯಾವುದು ಬಾಳುತ್ತದೆ, ಒಣಗಿದ ಮೇಲೂ ಯಾವುದು ಚೆಲುವಾಗಿದೆ ಎಂದು. ಇದೇ ನಿಜವಾದ ಶಿಷ್ಯತ್ವ. ಆದರೆ ಉದ್ಯಾನವು ಪ್ರಸಿದ್ಧವಾದೊಡನೆ ಸುತ್ತಲಿನ ನೆಲದ ಬೆಲೆ ಏರಿ, ಬೆಲೆಯುಳ್ಳ ಸೌಧಗಳು ಎದ್ದು, ಹತ್ತಿರದ ಸರಕಾರಿ ವಸತಿಗಳಲ್ಲಿದ್ದ ಬಡ ಕುಟುಂಬಗಳು ಅಲ್ಲಿಗೆ ಹೋಗಲು ಸಂಕೋಚಪಡುವಂತಾಯಿತು. ಸ್ಥಾಪಕರಲ್ಲಿ ಒಬ್ಬನೇ ಮುಂದೆ ಈ ವಿಷಯದಲ್ಲಿ ತಾವು ಸೋತೆವೆಂದು ಬಹಿರಂಗವಾಗಿ ಹೇಳಿದನು. ಆ ಜನರಿಗೆ ಬೇಕಾದದ್ದೇನೆಂದು ಮೊದಲು ಕೇಳದೆ, ತೋಟವು ಹೇಗಿರಬೇಕೆಂದು ಮಾತ್ರ ಕೇಳಿದೆವೆಂಬುದು ಅವನ ಅಳಲು.

ಬಯಲು ಕೆಟ್ಟಿದ್ದಾಗ ಅದು ಬಡವರ ಬಳಿ ಇರುತ್ತದೆ. ಹಸನಾದ ಮೇಲೆ ಬೇರೆಯವರ ಬಳಿಗೆ ಹೋಗುತ್ತದೆ. ಬೆಂಗಳೂರಿನ ಕೆರೆಗಳ ಕಥೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ.

ಬೆಂಗಳೂರಿನ ಕೆರೆಗಳು ದೇವರು ತೋಡಿದ ಸರೋವರಗಳಲ್ಲ. ಮನುಷ್ಯರು ಏರಿ ಕಟ್ಟಿ ಮಳೆಯ ನೀರನ್ನು ಹಿಡಿದವು. ಒಂದರ ಕೋಡಿ ಹರಿದು ಕೆಳಗಿನದಕ್ಕೆ ಸೇರುವಂತೆ ಸರಪಳಿಯಾಗಿ ಕಟ್ಟಿದ್ದರು. ತೂಬಿನ ನೀರು ಗದ್ದೆ ತೋಟಗಳಿಗೆ, ಅಂಗಳದ ಹುಲ್ಲು ದನಗಳಿಗೆ, ಹೂಳು ಹೊಲಕ್ಕೆ, ಕಲ್ಲುಚಪ್ಪಡಿ ಮಡಿವಾಳರಿಗೆ, ಮೀನು ಬೆಸ್ತರಿಗೆ ಎಂದು ಕೆರೆಯೊಂದಕ್ಕೆ ಹತ್ತು ಬಗೆಯ ಹಕ್ಕುದಾರರಿದ್ದರು. ಹೂಳೆತ್ತುವ ಹೊಣೆಯೂ ಹಾಗೆಯೇ ಹಂಚಿಕೆಯಾಗಿತ್ತು. ನಲ್ಲಿಯ ನೀರು ದೂರದಿಂದ ಬಂದಮೇಲೆ ಪೇಟೆಯವರಿಗೆ ಕೆರೆಯ ಅಗತ್ಯ ತೋರಲಿಲ್ಲ. ರಾಜಕಾಲುವೆಗಳಲ್ಲಿ ಚರಂಡಿಯ ನೀರು ಸೇರಿತು. ಕೆಲವು ಕೆರೆಗಳು ಬಸ್ ನಿಲ್ದಾಣವಾದವು, ಕೆಲವು ಆಟದ ಮೈದಾನವಾದವು: ಧರ್ಮಾಂಬುಧಿ ಕೆರೆಯಿದ್ದ ಕಡೆಯಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ನಿಂತಿವೆ.

ಸರ್ಜಾಪುರ ರಸ್ತೆಯ ಮಗ್ಗುಲಿನ ಕೈಕೊಂಡ್ರಹಳ್ಳಿ ಕೆರೆಯು ಸುಮಾರು 48 ಎಕರೆಯದು. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಅದೂ ಕಸ, ಕೊಚ್ಚೆ, ಬತ್ತಿದ ನೆಲ ಎಂಬ ಗತಿಗೆ ಬಂದಿತ್ತು. ಸುತ್ತಲಿನ ನಿವಾಸಿಗಳೂ ಹಳೆಯ ಹಳ್ಳಿಯವರೂ ಜೀವಶಾಸ್ತ್ರ ಬಲ್ಲ ಕೆಲವರೂ ಕೂಡಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಇಂಜಿನಿಯರರ ಜೊತೆ ಕುಳಿತು ನಕ್ಷೆಯನ್ನು ಬರೆದರು. 2009ರಿಂದ ಕೆಲಸ ನಡೆದು, ಚರಂಡಿಯನ್ನು ಬೇರೆ ದಾರಿಗೆ ತಿರುಗಿಸಿ, ಹಕ್ಕಿಗಳಿಗೆ ನಡುಗಡ್ಡೆ, ನಡೆಯುವವರಿಗೆ ಮಣ್ಣಿನ ದಾರಿ, ಮಕ್ಕಳಿಗೆ ಕುಳಿತು ನೋಡುವ ಮೆಟ್ಟಿಲ ರಂಗಸ್ಥಳ, ಈ ನೆಲಕ್ಕೆ ಒಗ್ಗಿದ ಮರಗಳು, ಇವನ್ನೆಲ್ಲ ಮಾಡಿದರು. ಮೇಲ್ವಿಚಾರಣೆಗೆ ನಿವಾಸಿಗಳೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡರು. ನಮ್ಮ ಎಣಿಕೆಯಲ್ಲಿ ಇವೆಲ್ಲಕ್ಕಿಂತ ದೊಡ್ಡದೆಂದರೆ, ದನಗಳಿಗೆ ಹುಲ್ಲು ಕೊಯ್ಯುವವರನ್ನು ಅಲ್ಲಿ ಹೊರಗಟ್ಟಲಿಲ್ಲ. ಬೇರೆ ಅನೇಕ ಕೆರೆಗಳಲ್ಲಿ ಬೇಲಿ, ಗೇಟು, ಸಮಯದ ಹಲಗೆ ಇಷ್ಟು ಏರುತ್ತಲೇ ಹುಲ್ಲಿನವಳು, ಬಟ್ಟೆ ಒಗೆಯುವವನು, ಗಾಳ ಹಾಕುವ ಹುಡುಗ ಮೂವರೂ ಅಪರಾಧಿಗಳಾಗುತ್ತಾರೆ. ಬೆಳಗಿನ ಹೊತ್ತು ಬೂಟು ಹಾಕಿ ನಡೆಯುವವರು ಮಾತ್ರ ಸಾರ್ವಜನಿಕರೆನಿಸಿಕೊಳ್ಳುತ್ತಾರೆ. ಸಾರ್ವಜನಿಕವೆಂಬ ಶಬ್ದವನ್ನು ಇಷ್ಟು ಕಿರಿದಾಗಿಸುವುದಕ್ಕೆ ನಮಗೆ ಯಾವ ಅಧಿಕಾರವಿದೆಯೋ ತಿಳಿಯದು.

ಕೆರೆಯ ಅಂಚಿನ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಉದ್ಧಾರದ ಹೆಸರಿನಲ್ಲಿ ಅನೇಕ ಕೆರೆಗಳನ್ನು ಬೋಗುಣಿಯ ಹಾಗೆ ಒಂದೇ ಆಳಕ್ಕೆ ತೋಡಿ, ಸುತ್ತಲೂ ಕಲ್ಲು ಹೊದಿಸುತ್ತಾರೆ. ಕಣ್ಣಿಗೆ ಅಚ್ಚುಕಟ್ಟು. ಆದರೆ ಕೆರೆಯ ಜೀವವಿರುವುದು ಮೊಣಕಾಲುದ್ದದ ನೀರು ನಿಲ್ಲುವ ಇಳಿಜಾರಿನ ಅಂಚಿನಲ್ಲಿ. ಅಲ್ಲಿಯ ಜೊಂಡು ಕೊಳೆಯನ್ನು ಸೋಸುತ್ತದೆ, ಮೀನು ಮೊಟ್ಟೆಯಿಡುತ್ತದೆ, ಕಪ್ಪೆ ಅಡಗುತ್ತದೆ, ಉದ್ದ ಕಾಲಿನ ಹಕ್ಕಿಗಳು ನಿಂತು ಮೇಯುತ್ತವೆ. ಕಲ್ಲಿನ ಬೋಗುಣಿಯಲ್ಲಿ ಕೊಕ್ಕರೆಯು ಎಲ್ಲಿ ನಿಲ್ಲಬೇಕು? ಹುಲ್ಲುಹಾಸು ಹಾಕಿದ ತೋಟದ ಮಾತೂ ಹೀಗೆಯೇ. ಏಪ್ರಿಲ್ ಮೇ ತಿಂಗಳಲ್ಲಿ ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ಬರುವ ಬಡಾವಣೆಯಲ್ಲಿ ಹುಲ್ಲುಹಾಸಿಗೆ ಕೊಳವೆ ಹಿಡಿಯುವುದನ್ನು ನೋಡಲಾಗದು. ಹೊಂಗೆಯಾದರೋ ಬೇಸಗೆಗೆ ಮೊದಲೇ ಹಳೆಯ ಎಲೆಯನ್ನು ಉದುರಿಸಿ, ಬಿಸಿಲು ಬಲಿಯುವಷ್ಟರಲ್ಲಿ ಹೊಸ ಚಿಗುರನ್ನು ಹೊದೆದು, ಬೇಕಾದ ಹೊತ್ತಿಗೆ ತಪ್ಪದೆ ನೆರಳನ್ನು ಕೊಡುತ್ತದೆ; ಅದರ ಹೂವಿಗೆ ಜೇನ್ನೊಣಗಳು ಮುತ್ತುತ್ತವೆ. ಅತ್ತಿಯ ಹಣ್ಣಿಗೆ ಹಕ್ಕಿಗಳೂ ಬಾವಲಿಗಳೂ, ನೇರಳೆಯ ಹಣ್ಣಿಗೆ ಶಾಲೆಯ ಮಕ್ಕಳೂ ಬರುತ್ತಾರೆ. ಬಟ್ಟೆಗೆ ಕಲೆಯಾಗುವುದೆಂದು ನೇರಳೆಯನ್ನು ನೆಡಬಾರದೆನ್ನುವ ತಾಯಂದಿರು ತಮ್ಮ ಬಾಲ್ಯವನ್ನು ಒಮ್ಮೆ ಜ್ಞಾಪಿಸಿಕೊಳ್ಳಲಿ.

ಇಷ್ಟೆಲ್ಲಕ್ಕೂ ಮೊದಲು ಬಯಲು ಬಯಲಾಗಿ ಉಳಿಯಬೇಕಲ್ಲವೇ? ಇದಕ್ಕೆ ಕಾನೂನಿನ ಆಸರೆಯುಂಟು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನೋಪಕಾರವಲ್ಲವೇ ಎಂಬ ವಾದವು ಎದ್ದಿತು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪಕ್ಷವನ್ನು ಎತ್ತಿಹಿಡಿದು, ಯೋಜನೆಯಲ್ಲಿ ಎಲ್ಲರಿಗಾಗಿ ಬಿಟ್ಟ ಬಯಲನ್ನು ಹೀಗೆ ಬೇರೊಬ್ಬರಿಗೆ ವಹಿಸಿಕೊಡಲಾಗದೆಂದೂ, ಅದನ್ನು ಪ್ರಶ್ನಿಸುವ ಹಕ್ಕು ಆ ಬಡಾವಣೆಯ ಜನರಿಗೆ ಇದೆಯೆಂದೂ ತೀರ್ಪು ಕೊಟ್ಟಿತು. ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದೇ 1985ರ ಕರ್ನಾಟಕದ ಅಧಿನಿಯಮವೊಂದು ಬೇರೆ ಇದೆ. ಆದುದರಿಂದ ತಮ್ಮ ಬಡಾವಣೆಯ ನಕ್ಷೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಿರುವುದು ಪ್ರತಿ ಕುಟುಂಬಕ್ಕೂ ಮೇಲು. ಮದುವೆಯಾಗಿ ಹೊಸ ಊರಿಗೆ ಹೋದ ನಮ್ಮ ಹುಡುಗಿಯರು ಅಲ್ಲಿಯ ಮಾರ್ಕೆಟ್ಟಿನ ದಾರಿಯನ್ನು ಕೇಳುವ ವಾರದಲ್ಲಿಯೇ ಇದನ್ನೂ ಕೇಳಬಹುದು.

ಕೊನೆಯದಾಗಿ, ಓದಿದ್ದನ್ನು ಪರೀಕ್ಷಿಸಲು ಇಚ್ಛಿಸುವವರಿಗಾಗಿ ಒಂದು ಅಭ್ಯಾಸವನ್ನು ಸೂಚಿಸುವೆವು. ತಮ್ಮ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿರುವ ಒಂದು ಪಾಳು ಬಯಲನ್ನು ಆರಿಸಿ, ಏನನ್ನೂ ನೆಡುವ ಮೊದಲು ಒಂದು ವರ್ಷದ ಮಟ್ಟಿಗೆ ಅದನ್ನು ನೋಡಬೇಕು. ಮಳೆಗಾಲದಲ್ಲಿ ನೀರು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲುತ್ತದೆ? ಮಧ್ಯಾಹ್ನ ಮೂರು ಗಂಟೆಗೆ ನೆರಳು ಎಲ್ಲಿರುತ್ತದೆ? ಯಾರೂ ನೆಡದೆ ತಾನಾಗಿ ಎದ್ದ ಗಿಡಗಳು ಯಾವುವು? ಜನರು ಅಡ್ಡವಾಗಿ ತುಳಿದು ಮಾಡಿದ ದಾರಿಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಅಂಥ ದಾರಿಯನ್ನು ಮುಚ್ಚಿ ನಕ್ಷೆಯಲ್ಲಿ ಬೇರೊಂದನ್ನು ಬರೆಯುವ ಶಿಲ್ಪಿಯು ಮುಂದೆ ತನ್ನ ಹೂಪಾತಿಯ ಮೇಲೆ ಹೆಜ್ಜೆಗುರುತುಗಳನ್ನು ಕಾಣುವನು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ರಾತ್ರಿ ಎಂಟು, ಈ ನಾಲ್ಕು ಹೊತ್ತಿನಲ್ಲಿ ಅಲ್ಲಿ ಯಾರಿದ್ದಾರೆಂದು ಬರೆದಿಡಬೇಕು. ಗಂಡಸರೆಷ್ಟು, ಹೆಂಗಸರೆಷ್ಟು, ಹುಡುಗಿಯರೆಷ್ಟು, ಮುದುಕಿಯರೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಎಣಿಸಬೇಕು. ಅಲ್ಲಿಗೆ ಬಾರದವರ ಮನೆಗೆ ಹೋಗಿ ಏಕೆ ಬರುವುದಿಲ್ಲವೆಂದು ಕೇಳಬೇಕು. ದೀಪವಿಲ್ಲವೆನ್ನಬಹುದು, ಕುಳಿತುಕೊಳ್ಳಲು ಜಾಗವಿಲ್ಲವೆನ್ನಬಹುದು. ಶೌಚಾಲಯವಿಲ್ಲವೆಂಬ ಮಾತು ಹೆಂಗಸರಿಂದ ಮೊದಲು ಬರುವುದೆಂದು ನಾವು ಊಹಿಸುತ್ತೇವೆ, ಮತ್ತು ಅದು ನಕ್ಷೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಬರೆಯಲ್ಪಡುವುದು. ಆ ಬಯಲಿನಲ್ಲಿ ಈಗಾಗಲೇ ತರಕಾರಿ ಮಾರುವವಳೋ ಎಳನೀರಿನವನೋ ಇದ್ದರೆ ಅವರ ಹೆಸರನ್ನು ಪಟ್ಟಿಯ ಮೇಲ್ಗಡೆಯಲ್ಲಿ ಬರೆಯತಕ್ಕದ್ದು. ಏಕೆಂದರೆ ಇಡೀ ದಿನ ಅಲ್ಲಿ ಕಣ್ಣಿಟ್ಟಿರುವವರು ಅವರೇ. ಗಿಡ ನೆಡುವ ದಿನಕ್ಕೆ ಅತಿಥಿಗಳು ಸಿಕ್ಕುತ್ತಾರೆ. ನೆಟ್ಟ ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೆ ಎರಡು ಕೊಡ ನೀರನ್ನು ಯಾರು ಹೊಯ್ಯುವರೆಂಬುದನ್ನು ಹೆಸರು, ಮನೆ, ವಾರ ಸಹಿತವಾಗಿ ಗೊತ್ತುಮಾಡಿಕೊಂಡ ಮೇಲೆಯೇ ಗುಂಡಿ ತೋಡಬೇಕು.